ಎಲ್ಲಾ ಪಾಳಿಯ ನೀರು ಕೆರಿ ಓಣಿಗೆ

ಕೆಲಸ ಬಿಟ್ಟ ಮೇಲೆ ಹೇಗನ್ನಿಸುತ್ತದೆ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ. ಫೋನು ಬಡಕೊಂಡರೆ ಈಗ ಎದೆ ಬಡಕೊಳ್ಳುವುದಿಲ್ಲ. ಮೊದಲೆಲ್ಲ ಊಟದ ಹೊತ್ತಿಗೆ ಫೋನು ಬಂತೆಂದರೆ ಎಲ್ಲೋ ಒಂದು ಊರಲ್ಲಿ ಏನೋ ಒಂದು ನಿಂತಿದೆ ಎಂದೇ ಅರ್ಥ. ಕೈಯಲ್ಲಿಯ ರೊಟ್ಟಿ ಕೈಯಲ್ಲೇ ಉಳಿಯುತ್ತಿತ್ತು. ಈಗ ಫೋನು ಮಾಡುವವಳು ನನ್ನ ತಂಗಿ ಒಬ್ಬಳೇ. “ಮೆಣಸಿನಕಾಯಿ ಒಣಗಿದವೇನ ಅಕ್ಕಾ?” ಎಂದು ಕೇಳುತ್ತಾಳೆ. ಒಣಗಿವೆ ಅಥವಾ ಇಲ್ಲ, ಎರಡರಲ್ಲಿ ಒಂದು ಹೇಳಿದರೆ ಮುಗಿಯಿತು. ಅಬ್ಬಾ, ಎಂಥಾ ಸುಖ!

ನಾನು ಪ್ರೋಗ್ರಾಂ ಬರೆಯುತ್ತಿದ್ದವಳು. ಗಾಜಿನ ಕಟ್ಟಡದಲ್ಲಿ ಕೂತು ಬರೆದವಳಲ್ಲ. ಗಿರಣಿ, ಹತ್ತಿ ಕಾರ್ಖಾನೆ, ನೀರಿನ ಟಾಕಿ, ಇಂಥವನ್ನು ನಡೆಸುವ ಪ್ರೋಗ್ರಾಂಗಳನ್ನು ಬರೆದು, ಅವು ಕೆಟ್ಟಾಗ ಬಸ್ಸು ಹತ್ತಿ ಹೋಗಿ ಸರಿಮಾಡಿದವಳು. ನವಲಗುಂದ, ಕುಂದಗೋಳ, ಕಲಘಟಗಿಯ ಬಸ್ಸುಗಳಲ್ಲಿ ಯಾವ ಸೀಟಿನ ಕೆಳಗೆ ಚಕ್ರ ಬರುತ್ತದೆ ಎಂದು ಈಗಲೂ ಕಣ್ಣು ಮುಚ್ಚಿ ಹೇಳಬಲ್ಲೆ.

ಮೊನ್ನೆ ಬಾಜೂ ಮನೆಯ ವಿದ್ಯಾ ಬಂದಿದ್ದಳು. ಬರುವ ತಿಂಗಳು ಕೆಲಸಕ್ಕೆ ಸೇರುವವಳು. “ಅಕ್ಕಾರ, ಈ ಸ್ಕೋಪು, ಕ್ಲೋಷರು ಅಂತಾರಲ್ರಿ, ಎಷ್ಟ ಓದಿದ್ರೂ ತಲಿಗೆ ಹತ್ತವಲ್ದು” ಎಂದಳು. ನಿನ್ನ ತಲೆಗೆ ಹತ್ತುವುದು ಆಮೇಲಿರಲಿ, ನನ್ನ ತಲೆಗೆ ಅದು ಹತ್ತಿದ್ದೇ ಕೂದಲು ನೆರೆತ ಮೇಲೆ ಎಂದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ ಇವನ್ನೆಲ್ಲ ಬಿಟ್ಟಿದ್ದೇನೆ. ಸನ್ಮಾನದ ಶಾಲು ಹೊಲಿಗೆ ಯಂತ್ರದ ಮೇಲಿದೆ, ಧೂಳನ್ನು ಚೆನ್ನಾಗಿ ತಡೆಯುತ್ತದೆ.

ನಾನು ಮೊದಲು ಸೇರಿದ್ದು ಹತ್ತಿ ಒತ್ತಿ ಬೇಲು ಕಟ್ಟುವ ಒಂದು ಕಾರ್ಖಾನೆಗೆ. ಅಲ್ಲಿ ಕಂಪ್ಯೂಟರಿಗೆ ದೇವರ ಕೋಣೆಯ ಮರ್ಯಾದೆ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ನಮ್ಮ ಮೇಲಿನವರು ದೇಸಾಯಿ ಸರ್. ಸಿಟ್ಟು ಮೂಗಿನ ಮೇಲೆ, ಕನ್ನಡಕ ಹಣೆಯ ಮೇಲೆ. ಆಗಿನ ಬೇಸಿಕ್ ಭಾಷೆಯಲ್ಲಿ ವೇರಿಯೇಬಲ್ ಎಂದರೆ ಚಾವಡಿಯಲ್ಲಿಟ್ಟ ಕುರ್ಚಿ. ಒಂದು ಹೆಸರು, ಆ ಹೆಸರಿನಲ್ಲಿ ಇಟ್ಟ ಒಂದು ಬೆಲೆ. ಅದರಲ್ಲಿ ಪ್ರೋಗ್ರಾಮಿನ ಯಾವ ಮೂಲೆಯವರು ಬೇಕಾದರೂ ಬಂದು ಕೂರಬಹುದು. ನೀವು ಎದ್ದು ಹೋಗಿ ಬರುವಷ್ಟರಲ್ಲಿ ಇನ್ನೊಬ್ಬ ಕೂತಿರುತ್ತಾನೆ.

ಬೇಲುಗಳಿಗೆ ಅಂಟಿಸುವ ಚೀಟಿ ಮುದ್ರಿಸುವ ಪ್ರೋಗ್ರಾಂ ಒಂದಿತ್ತು. ಬೇಲಿನ ಕ್ರಮಸಂಖ್ಯೆ ಎಣಿಸಲು ‘ಕೆ’ ಎಂಬ ಹೆಸರು. ಚೀಟಿಯ ಸುತ್ತ ಚುಕ್ಕೆಯ ಅಂಚು ಮುದ್ರಿಸುವ ತುಣುಕನ್ನು ಬೇರೆಯವರು ಬರೆದಿದ್ದರು, ಅವರೂ ಚುಕ್ಕೆ ಎಣಿಸಲು ‘ಕೆ’ ಎಂಬ ಹೆಸರನ್ನೇ ಹಿಡಿದಿದ್ದರು. ಚೀಟಿ ಮುದ್ರಿಸಿದಾಗಲೆಲ್ಲ ಅಂಚಿನ ಚುಕ್ಕೆಯ ಲೆಕ್ಕ ಬಂದು ಬೇಲಿನ ಲೆಕ್ಕದ ಕುರ್ಚಿಯಲ್ಲಿ ಕೂರುತ್ತಿತ್ತು. ಒಂದು ಲಾರಿ ತುಂಬುವಷ್ಟು ಬೇಲು, ಎಲ್ಲಕ್ಕೂ ಒಂದೇ ನಂಬರು. ಹಮಾಲರ ಹಿರಿಯ ಬಂದು ನನ್ನನ್ನೇ ಕೇಳಿದ: “ಏನ್ರಿ ಅಕ್ಕಾರ, ಇವೆಲ್ಲಾ ಒಂದ ತಾಯಿ ಮಕ್ಕಳೇನ್ರಿ? ಒಂದಕ್ಕರ ಬ್ಯಾರೆ ಹೆಸರ ಇಡಬಾರದೇನ್ರಿ?”

ದೇಸಾಯಿ ಸರ್ ಇದಕ್ಕೆ ಕಂಡುಕೊಂಡ ಮದ್ದು ಎಂದರೆ ಗೋಡೆಗೆ ಒಂದು ಹಾಳೆ. ಯಾವ ಅಕ್ಷರ ಯಾರದು ಎಂದು ಅದರಲ್ಲಿ ಬರೆಯಬೇಕು, ಇನ್ನೊಬ್ಬರ ಅಕ್ಷರ ಮುಟ್ಟಬಾರದು. ಅಕ್ಷರ ಬೇಗ ಮುಗಿದವು. ಆಮೇಲೆ ಜಗಳ ಶುರುವಾಯಿತು. ‘ಟಿ’ ನನ್ನದು ಎಂದು ನಾನು ಒಬ್ಬರೊಡನೆ ಮಾತು ಬಿಟ್ಟಿದ್ದೆ. ಈಗ ನೆನೆದರೆ ನಗು ಬರುತ್ತದೆ.

ಮುಂದೆ ಭಾಷೆಗಳು ಬದಲಾದವು. ಪ್ರತಿ ಫಂಕ್ಷನ್ನಿಗೂ ತನ್ನದೇ ಹೆಸರುಗಳನ್ನು ಇಟ್ಟುಕೊಳ್ಳುವ ಹಕ್ಕು ಬಂತು. ಫಂಕ್ಷನ್ ಎಂದರೆ ಒಂದು ಕೆಲಸವನ್ನು ಕಟ್ಟಿಟ್ಟ ಗಂಟು, ಕರೆದಾಗ ಬಂದು ಮಾಡಿ ಹೋಗುತ್ತದೆ. ಯಾವ ಹೆಸರು ಎಲ್ಲಿಯವರೆಗೆ ನಡೆಯುತ್ತದೆ ಎಂಬ ಮೇರೆಗೇ ಸ್ಕೋಪ್ ಎನ್ನುತ್ತಾರೆ. ಇದು ನನಗೆ ಹೊಸದೆನ್ನಿಸಲಿಲ್ಲ, ನಾನು ಶಲವಡಿಯ ಕೂಡು ಮನೆಯಲ್ಲಿ ಬೆಳೆದವಳು. ಅಡುಗೆಮನೆಯಲ್ಲಿ ನಿಂತು ನಮ್ಮ ಅಜ್ಜಿ “ಕೊಡಾ ತಾರವಾ” ಎಂದರೆ ಮೊದಲು ಅಡುಗೆಮನೆಯಲ್ಲೇ ನೋಡಬೇಕು. ಅಲ್ಲಿಲ್ಲವೆಂದರೆ ಪಡಸಾಲೆ, ಅಲ್ಲೂ ಇಲ್ಲವೆಂದರೆ ಹಿತ್ತಲು. ಒಳಗಿನಿಂದ ಹೊರಗೆ ಹುಡುಕುತ್ತ ಹೋಗುವುದು. ಆದರೆ ಹಿತ್ತಲಲ್ಲಿ ಎಮ್ಮೆ ತೊಳೆಯುತ್ತಿರುವವನು “ಕೊಡಾ ತಾ” ಎಂದು ಕೂಗಿದರೆ ಒಳಗಿನ ಪೂಜೆಯ ನೀರಿನ ಕೊಡ ಅವನಿಗೆ ಸಿಗುವುದಿಲ್ಲ. ಒಳಗಿದ್ದವರಿಗೆ ಹೊರಗಿನದು ಕಾಣುತ್ತದೆ, ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ. ಇಷ್ಟು ತಿಳಿದರೆ ಸ್ಕೋಪಿನ ಮುಕ್ಕಾಲು ಭಾಗ ತಿಳಿದಂತೆ.

ಮೇರೆ ತಿಳಿಯದೆ ಬರೆದರೆ ಏನಾಗುತ್ತದೆ ಎಂಬುದಕ್ಕೆ ಒಂದು ಅಕ್ಕಿ ಗಿರಣಿಯ ಕತೆ ಹೇಳಬೇಕು. ಮಿಶ್ರಿಕೋಟಿ ದಾಟಿ ಹೋದರೆ ಸಿಗುತ್ತಿತ್ತು. ಅಲ್ಲಿ ಎರಡು ಯಂತ್ರ, ಒಂದು ಭತ್ತದ ಹೊಟ್ಟು ಬಿಡಿಸುವುದು, ಇನ್ನೊಂದು ಅಕ್ಕಿಗೆ ಹೊಳಪು ಕೊಡುವುದು. ಎರಡನ್ನೂ ನಡೆಸುವ ಫಂಕ್ಷನ್ನುಗಳು ‘ನಿಲ್ಲು’ ಎಂಬ ಒಂದೇ ಹೆಸರನ್ನು ನೋಡುತ್ತಿದ್ದವು, ಆ ಹೆಸರು ಎರಡರ ಹೊರಗೂ ಇತ್ತು. ಹಾಗಾಗಿ ಒಂದನ್ನು ನಿಲ್ಲಿಸಿದರೆ ಎರಡೂ ನಿಲ್ಲುತ್ತಿದ್ದವು. ನಾನು ಹೋಗಿ ‘ನಿಲ್ಲು’ ಎಂಬುದನ್ನು ಎರಡರ ಒಳಗೂ ಬೇರೆ ಬೇರೆ ಬರೆದು, ಬೆನ್ನು ತಟ್ಟಿಸಿಕೊಳ್ಳಲು ನಿಂತೆ. ಕೆಲಸದವರ ಮುಖ ಬಾಡಿತು. “ಇಷ್ಟ ದಿನಾ ಒಂದು ನಿಂತ್ರ ಎರಡೂ ನಿಲ್ತಿದ್ವು, ಎಲ್ಲಾರೂ ಕೂಡಿ ಚಾ ಕುಡೀತಿದ್ವಿ. ನೀವು ಬಂದು ಅದನ್ನೂ ಕಳದ್ರಿ ನೋಡ್ರಿ” ಎಂದ ಒಬ್ಬ. ಗಿರಣಿಯ ಮಾಲೀಕರಿಗೆ ಹೇಳಿ ಚಹಾದ ಬಿಡುವನ್ನು ಬೇರೆಯೇ ಕೊಡಿಸಿ ಬರಬೇಕಾಯಿತು.

ಇನ್ನು ಕ್ಲೋಷರು. ಅದನ್ನು ನನಗೆ ಕಲಿಸಿದವಳು ರೇಷ್ಮಾ. ಹುಬ್ಬಳ್ಳಿಯ ಹುಡುಗಿ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ನಾನು ಕೊನೆಯ ವರ್ಷಗಳಲ್ಲಿದ್ದ ಧಾರವಾಡದ ಸಣ್ಣ ಕಂಪನಿಯಲ್ಲಿ ನನ್ನ ಪಕ್ಕದ ಕುರ್ಚಿಯವಳು. ಆಗ ನಮ್ಮ ಕೆಲಸವೆಲ್ಲ ಜಾವಾಸ್ಕ್ರಿಪ್ಟಿಗೆ ಬದಲಾಗಿತ್ತು, ನಾನು ಗೊಣಗುತ್ತ ಕಲಿಯುತ್ತಿದ್ದೆ.

“ನೋಡ್ರಿ ಅಕ್ಕಾರ,” ಎಂದಳು, “ಒಂದು ಫಂಕ್ಷನ್ ಇನ್ನೊಂದರ ಒಳಗ ಹುಟ್ಟತೈತಿ. ಹುಟ್ಟಿದ ಮನಿ ಮುಗದು ಹೋದ ಮ್ಯಾಲೂ ಅಲ್ಲಿದ್ದ ಹೆಸರು ಮರಿಯಂಗಿಲ್ಲ. ಎಲ್ಲಿಗೆ ಹೋದ್ರೂ ಕಟಗೊಂಡ ಹೋಗತೈತಿ.”

“ಹಂಗಾರ ಬುತ್ತಿ ಅನ್ನು. ತವರಮನಿಯಿಂದ ಕಟಗೊಂಡು ಹೋಗೋ ಬುತ್ತಿ.”

“ಹಾಂ, ಬುತ್ತಿನ ಅಂತ ತಿಳಕೋರಿ. ಅದಕ್ಕ ಕ್ಲೋಷರ್ ಅಂತಾರ.”

ನನಗೆ ಬಹಳ ಖುಷಿಯಾಯಿತು. ಫಂಕ್ಷನ್ ಬುತ್ತಿ ಕಟ್ಟಿಕೊಂಡು ಹೋಗುತ್ತದೆ, ಹಸಿವಾದಾಗ ಬಿಚ್ಚುತ್ತದೆ. ಆ ಬುತ್ತಿಯಲ್ಲಿ ಏನಿರುತ್ತದೆ ಎಂದು ನಾನೂ ಬಿಚ್ಚಿ ನೋಡಲಿಲ್ಲ, ಅವಳೂ ನೋಡಲಿಲ್ಲ. ನೋಡಿದ್ದು ನೀರಿನ ಊರಿನಲ್ಲಿ.

ಆ ಊರಿನ ಹೆಸರು ಬೇಡ. ನವಲಗುಂದದ ಕಡೆಯದು. ಬಾವಿ ತೋಡಿದರೆ ಉಪ್ಪು ನೀರು ಬರುವ ನೆಲ, ಕುಡಿಯಲು ಕೆರೆಯೇ ಗತಿ. ನೀರು ಬಿಡುವವನ ಹೆಸರು ಫಕ್ಕೀರಪ್ಪ. ಅವನ ಅಪ್ಪ ಅದೇ ಕೆರೆಯ ಕಾವಲುಗಾರನಾಗಿದ್ದ. ಚಪ್ಪಲಿ ಹಾಕಿಕೊಂಡು ಯಾರೇ ಕೆರೆಯ ಏರಿ ಹತ್ತಿದರೂ ಕೆಳಗಿಳಿಸುತ್ತಿದ್ದನಂತೆ. ಮಗನ ಕಾಲಕ್ಕೆ ಟಾಕಿ, ನಳ ಬಂದವು. ಫಕ್ಕೀರಪ್ಪ ಉದ್ದನೆಯ ಕಬ್ಬಿಣದ ಚಾವಿಯನ್ನು ಹೆಗಲ ಮೇಲಿಟ್ಟುಕೊಂಡು ಓಣಿ ಓಣಿಗೆ ಹೋಗಿ ವಾಲ್ವ್ ತಿರುವಿ ನೀರು ಬಿಡುತ್ತಿದ್ದ. ಒಟ್ಟು ಆರು ಓಣಿ. ನೀರಿನ ದಿನ ಒಂದೊಂದು ಓಣಿಗೆ ಒಂದೊಂದು ಪಾಳಿ.

ಎಲ್ಲಿ ನೀರೋ ಅಲ್ಲಿ ತಕರಾರು. ಆ ಓಣಿಗೆ ಹೆಚ್ಚು ಬಿಟ್ಟ, ಈ ಓಣಿಗೆ ಕಡಿಮೆ ಬಿಟ್ಟ ಎಂಬ ಮಾತು ಮುಗಿಯುತ್ತಲೇ ಇರಲಿಲ್ಲ. ಪಂಚಾಯ್ತಿ ಅಧ್ಯಕ್ಷರಾದ ಗೌಡರು ಬೇಸತ್ತು, ಮನುಷ್ಯರ ಕೈಯೇ ಬೇಡವೆಂದು ನಮ್ಮ ಕಂಪನಿಗೆ ಕೆಲಸ ಕೊಟ್ಟರು. ಪ್ರತಿ ಓಣಿಯ ವಾಲ್ವಿಗೆ ಒಂದು ಮೋಟರು, ಒಂದು ಸಿಮ್ಮು. ವೇಳೆ ಬಂದಾಗ ಧಾರವಾಡದ ನಮ್ಮ ಕಂಪ್ಯೂಟರಿನಿಂದ ಅಪ್ಪಣೆ ಹೋಗುತ್ತದೆ, ಆ ಓಣಿಯ ವಾಲ್ವ್ ತೆರೆಯುತ್ತದೆ. ನಡುವೆ ಏನಾದರೂ ಬೇಕಾದರೆ ಇರಲಿ ಎಂದು ಫಕ್ಕೀರಪ್ಪನ ಫೋನಿನಲ್ಲೂ ಓಣಿಗೊಂದು ಗುಂಡಿ ಹಾಕಿಕೊಟ್ಟಿದ್ದೆವು. ಪ್ರೋಗ್ರಾಂ ಬರೆದವಳು ರೇಷ್ಮಾ, ಓದಿ ಸರಿ ಎಂದವಳು ನಾನು. ಆಫೀಸಿನ ಮೇಜಿನ ಮೇಲೆ ಒಂದು ವಾಲ್ವ್ ಇಟ್ಟುಕೊಂಡು ಪರೀಕ್ಷೆಯನ್ನೂ ಮಾಡಿದ್ದೆವು. ವೇಳೆಗೆ ಸರಿಯಾಗಿ ತೆರೆಯಿತು, ವೇಳೆಗೆ ಸರಿಯಾಗಿ ಮುಚ್ಚಿತು.

ಮೊದಲ ನೀರಿನ ದಿನ ಆರು ಪಾಳಿಯ ನೀರೂ ಕೆರಿ ಓಣಿಗೆ ಹೋಯಿತು. ಕೆರಿ ಓಣಿ ಎಂದರೆ ಫಕ್ಕೀರಪ್ಪನ ಓಣಿ.

ವಾಲ್ವ್ ಅಂಟಿಕೊಂಡಿರಬೇಕು ಎಂದು ಅವನು ಹಳೆಯ ಚಾವಿ ಹೊತ್ತು ಓಣಿ ಓಣಿಗೆ ಓಡಾಡಿದ. ಊರಿಗೆ ಕಂಡದ್ದು ಚಾವಿ ಹಿಡಿದ ಫಕ್ಕೀರಪ್ಪ. ಎರಡನೆಯ ನೀರಿನ ದಿನ ಗೌಡರು ಆ ಚಾವಿಯನ್ನು ಇಸಿದುಕೊಂಡು ಪಂಚಾಯ್ತಿ ಮೇಜಿನ ಮೇಲೆ ಇಟ್ಟುಕೊಂಡರು. ಅವನು ಟಾಕಿಯ ಕೆಳಗೆ ಸುಮ್ಮನೆ ನಿಂತಿದ್ದ. ಅವತ್ತೂ ನೀರೆಲ್ಲ ಕೆರಿ ಓಣಿಗೇ ಹೋಯಿತು. ಆಗ ಜನ, “ಫೋನಿನ್ಯಾಗ ಗುಂಡಿ ಒತ್ಯಾನ” ಎಂದರು. ಮೂರನೆಯ ನೀರಿನ ದಿನ ಮುಂಜಾನೆ ಪಾಳಿ ಶುರುವಾಗುವ ಮೊದಲೇ ಊರು ಪಂಚಾಯ್ತಿ ಮುಂದೆ ಸೇರಿತು. ನನಗೂ ರೇಷ್ಮಾಗೂ ಹಿಂದಿನ ದಿನವೇ ಕರೆ ಬಂದಿತ್ತು.

ನಾವು ಬಸ್ಸಿಳಿದಾಗ ಫಕ್ಕೀರಪ್ಪ ಪಂಚಾಯ್ತಿ ಕಟ್ಟೆಯ ಕೆಳಗೆ ನಿಂತಿದ್ದ. ಕುಂಬಾರ ಓಣಿಯ ನಿಂಗವ್ವ ಎಂಬಾಕೆ ಖಾಲಿ ಕೊಡವನ್ನು ಗೌಡರ ಮುಂದೆಯೇ ಕುಕ್ಕಿದಳು. “ಎರಡು ಪಾಳಿ ಹೋತು, ನಮ್ಮ ನಳದಾಗ ಹನಿ ಬಂದಿಲ್ರಿ. ಕೆರಿ ಓಣ್ಯಾಗ ಗಟಾರದಾಗ ಹರದ ಹೋಗೇತಿ. ಕಾಯಾಕ ಇಟ್ಟಾಂವನ ಕದ್ರ ಯಾರಿಗೆ ಹೇಳೂನ್ರಿ?”

“ಹೇಳಪಾ ಫಕ್ಕೀರಪ್ಪ. ಕೆರಿ ನೀರ ಮುಟ್ಟಿ ಆಣಿ ಮಾಡ್ತಿಯೇನ?” ಎಂದರು ಗೌಡರು.

ಅವನು ನಿಧಾನಕ್ಕೆ ಹೇಳಿದ: “ನೀರ ನಮ್ಮ ಓಣಿಗೆ ಬಂದಿದ್ದು ಖರೇ ಐತ್ರಿ. ನಾ ಬಿಟ್ಟಿಲ್ಲ ಅನ್ನೂದೂ ಖರೇ ಐತ್ರಿ. ಎರಡೂ ಹೆಂಗ ಖರೇ ಆಕ್ಕಾವು ಅಂದ್ರ ನನಗ ತಿಳಿವಲ್ದು. ತಿಳೀಲಾರದ್ದಕ್ಕ ನಾ ಹೆಂಗ ಆಣಿ ಮಾಡ್ಲಿ?”

ಜನ ನಕ್ಕರು. ನನಗೆ ಆ ನಗು ಹಿಡಿಸಲಿಲ್ಲ.

ಗೌಡರು ನನ್ನ ಕಡೆ ತಿರುಗಿ, “ಬಾಯಾರ, ಮಿಶನ್ ಸುದ್ದ ಐತೋ ಇಲ್ಲೋ, ಅಷ್ಟ ಹೇಳ್ರಿ. ಸುದ್ದ ಇತ್ತಂದ್ರ ಇವತ್ತ ಇಂವನ್ನ ತಗದು ಬ್ಯಾರೆದವರ್ನ ಇಡತೀವಿ” ಎಂದರು. ಗೌಡರು ಕೆಟ್ಟವರಲ್ಲ, ಆ ಮಾತು ಹೇಳುವಾಗ ಅವರ ದನಿಯಲ್ಲೂ ಬೇಸರವಿತ್ತು. ಆದರೆ ಊರಿನ ಕುಡಿಯುವ ನೀರು ಕದ್ದವನು ಎಂಬ ಹೆಸರು ಹೊತ್ತು ಆ ಊರಲ್ಲಿ ಬಾಳುವುದು ಹೇಗೆ? ಕೆಲಸ ಹೋದರೆ ಇನ್ನೊಂದು ಸಿಕ್ಕೀತು, ಆ ಹೆಸರು ಮಾತ್ರ ಮಕ್ಕಳ ತನಕ ಅಂಟಿಕೊಳ್ಳುತ್ತದೆ.

ರೇಷ್ಮಾ ಫಕ್ಕೀರಪ್ಪನ ಫೋನು ಇಸಿದುಕೊಂಡು ಗುಂಡಿಗಳನ್ನು ಒಂದೊಂದಾಗಿ ಒತ್ತಿದಳು. ಮಠದ ಓಣಿಯದು ಒತ್ತಿದರೆ ಮಠದ ಓಣಿ, ಕುಂಬಾರ ಓಣಿಯದು ಒತ್ತಿದರೆ ಕುಂಬಾರ ಓಣಿ. ಆರೂ ಸರಿ. ನಮ್ಮ ಪರದೆಯನ್ನೂ ತೆರೆದು ನೋಡಿದೆವು. ಹಿಂದಿನ ಎರಡೂ ದಿನ ಪ್ರತಿ ಪಾಳಿಯ ವೇಳೆಗೆ ‘ಆಯಿತು’ ಎಂದು ಹಸಿರು ಗುರುತು ಬಿದ್ದಿತ್ತು. ಯಾವ ಓಣಿಯ ವಾಲ್ವಿಗೆ ಅಪ್ಪಣೆ ಹೋಯಿತು ಎಂದು ತೋರಿಸುವ ಏರ್ಪಾಟನ್ನೇ ನಾವು ಮಾಡಿರಲಿಲ್ಲ. ವಿದ್ಯಾ, ಇದನ್ನು ಕಟ್ಟಿಟ್ಟುಕೋ. ಯಂತ್ರ ‘ಆಯಿತು’ ಎಂದರೆ ‘ಏನಾಯಿತು’ ಎಂದೂ ಅದರಿಂದಲೇ ಹೇಳಿಸಬೇಕು.

ಅಷ್ಟರಲ್ಲಿ ನಮ್ಮ ಮಾಲೀಕರಾದ ಜೋಶಿ ಸರ್ ಫೋನು. “ಸುವರ್ಣಾ, ಗುಂಡಿ ಒತ್ತಿದ್ರ ಸರಿ ಅದನೋ ಇಲ್ಲೋ?”

“ಸರಿ ಅದ ಸರ್.”

“ಮತ್ತೇನು? ಯಂತ್ರ ಸರಿ ಅದ ಅಂತ ಹೇಳಿ ಬಸ್ ಹತ್ರಿ. ಊರವರ ಜಗಳದಾಗ ನಮ್ಮದೇನದ?”

ಸುಳ್ಳು ಹೇಳು ಎಂದೇನೂ ಅವರು ಹೇಳಲಿಲ್ಲ. ನನಗೆ ಗೊತ್ತಿದ್ದಷ್ಟು ಹೇಳಿದರೂ ಸಾಕಿತ್ತು, ಫಕ್ಕೀರಪ್ಪ ಮುಳುಗುತ್ತಿದ್ದ. “ಕೆರಿ ಓಣಿ ವಾಲ್ವ್ ಒಮ್ಮೆ ನೋಡಿ ಬರ್ತೇನಿ ಸರ್” ಎಂದು ಫೋನಿಟ್ಟೆ.

ವಾಲ್ವ್ ಇದ್ದದ್ದು ಫಕ್ಕೀರಪ್ಪನ ಮನೆಯ ಎದುರಿಗೇ. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ನನ್ನ ಕಣ್ಣು ಹೋದದ್ದು ಅವನ ಮನೆಯ ಕಟ್ಟೆಯ ಮೇಲೆ. ತಾಮ್ರದ ಕೊಡ, ಸ್ಟೀಲಿನ ಕೊಡ, ಪ್ಲಾಸ್ಟಿಕ್ಕಿನ ಕೊಡ, ಎಲ್ಲವನ್ನೂ ಸಾಲಾಗಿ ಬೋರಲು ಹಾಕಿದ್ದರು. ಅವನ ಹೆಂಡತಿ ಗಿರಿಜವ್ವ ಬಾಗಿಲಲ್ಲಿ ನಿಂತಿದ್ದಳು.

“ಯಾಕವಾ, ಕೊಡಾ ಎಲ್ಲಾ ಬೋರಲ ಹಾಕೀರಿ? ನಿಮ್ಮ ಓಣಿಗೆ ನೀರ ಬಂದಿತ್ತಲ್ಲ?”

“ಬಂದಿತ್ರಿ. ನಮ್ಮ ಪಾಳಿನೂ ಬಂದಿತ್ತು. ಆದ್ರ ಐದು ಓಣಿ ಒಣಗಿ ಕುಂತಾಗ ನಾವೊಬ್ರ ತುಂಬಿಕೊಂಡ್ರ, ಅದು ಗಂಟಲದಾಗ ಇಳಿತೈತೇನ್ರಿ?” ಎಂದಳು. “ಎಲ್ಲಾರ ಗತೆ ನಾವೂ ಕೆರಿಗೆ ಹೋಗಿ ಹೊತಗೊಂಡ ಬರಾಕತ್ತೀವಿ.”

ಬಾಗಿಲಿಗೆ ಬಂದ ನೀರನ್ನೂ ಮುಟ್ಟದ ಮನೆ ಇದು. ಕಳವು ಇಲ್ಲಿಲ್ಲ. ಹಾಗಿದ್ದರೆ ತಪ್ಪು ನಾವು ಬರೆದದ್ದರಲ್ಲೇ ಇದೆ ಎಂದು ನನಗೆ ಖಚಿತವಾಯಿತು. ಎಲ್ಲಿದೆ ಎಂಬುದು ಮಾತ್ರ ಹೊಳೆಯಲಿಲ್ಲ.

ತಿರುಗಿ ಬಂದು ಫಕ್ಕೀರಪ್ಪನನ್ನು ಕೇಳಿದೆ, “ಓಣಿಗಳ ಹೆಸರು ನಮಗ ಬರಸಿದಾಂವ ನೀನ ಅಲ್ಲೇನ? ಯಾವ ಸಾಲಿನ್ಯಾಗ ಬರಸಿದ್ದಿ?”

“ಮದ್ಲ ಮಠದ ಓಣಿ, ಆಮ್ಯಾಲ ಬಜಾರ, ಗೌಡ್ರ ಓಣಿ, ಕುಂಬಾರ ಓಣಿ, ಹೊಸ ಪ್ಲಾಟ್, ಎಲ್ಲಾದ್ರ ಕಡೀಕ ನಮ್ಮ ಓಣಿ.”

“ನಿಮ್ಮದ್ಯಾಕ ಕಡೀಕ? ಟಾಕಿಗೆ ಎಲ್ಲಾದಕ್ಕಿಂತ ಹತ್ತರ ಐತಲ್ಲ?”

ಇಷ್ಟೂ ಗೊತ್ತಿಲ್ಲವೇ ಎಂಬಂತೆ ಅವನು ನನ್ನ ಮುಖ ನೋಡಿದ. “ಬಡಸಾಂವ ಕಡೀಕ ಉಣಬೇಕಲ್ರಿ ಅಕ್ಕಾರ. ನಾನೂ ಹಂಗ ಬಿಡತಿದ್ದೆ, ನಮ್ಮಪ್ಪನೂ ಹಂಗ ಹೇಳತಿದ್ದ.”

ಕಡೀಕ ಎಂಬುದು ಕಿವಿಗೆ ಬಿದ್ದದ್ದೇ ಹತ್ತಿಯ ಬೇಲುಗಳು ಕಣ್ಣ ಮುಂದೆ ಬಂದವು. ಎಲ್ಲಕ್ಕೂ ಒಂದೇ ನಂಬರು, ಎಲ್ಲ ಒಂದೇ ತಾಯಿಯ ಮಕ್ಕಳು. “ರೇಷ್ಮಾ, ಪಾಳಿ ಹಚ್ಚೋ ಲೂಪ್ ತಗೀ” ಎಂದೆ.

ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಇಬ್ಬರೂ ಬಗ್ಗಿ ನೋಡಿದೆವು. ಲೂಪ್ ಎಂದರೆ ಒಂದೇ ಕೆಲಸವನ್ನು ಸುತ್ತಿ ಸುತ್ತಿ ಮಾಡುವುದು. ಒಂದೊಂದು ಸುತ್ತಿಗೆ ಒಂದೊಂದು ಓಣಿಯನ್ನು ಎತ್ತಿಕೊಂಡು, ‘ಓಣಿ’ ಎಂಬ ವೇರಿಯೇಬಲ್ಲಿನಲ್ಲಿ ಇಟ್ಟು, ‘ಇಷ್ಟು ಹೊತ್ತಿಗೆ ಈ ಓಣಿಯ ವಾಲ್ವ್ ತೆಗೆ’ ಎಂಬ ಫಂಕ್ಷನ್ ಹುಟ್ಟಿಸಿ ಗಡಿಯಾರಕ್ಕೆ ಕೊಡುತ್ತಿತ್ತು. ಹೀಗೆ ಆರು ಫಂಕ್ಷನ್, ಆರಕ್ಕೂ ಬುತ್ತಿ. ವೇಳೆಯನ್ನು ಆಗಿಂದಾಗಲೇ ಕೊಟ್ಟಿದ್ದರಿಂದ ವೇಳೆಯೆಲ್ಲ ಸರಿ. ಓಣಿಯ ಹೆಸರು ಮಾತ್ರ ಬುತ್ತಿಯೊಳಗೆ.

ಅವತ್ತು ಆ ಬುತ್ತಿಯನ್ನು ಬಿಚ್ಚಿ ನೋಡಿದೆವು. ಒಳಗೆ ರೊಟ್ಟಿ ಇರಲೇ ಇಲ್ಲ! ಇದ್ದದ್ದು ಮನೆಯ ರೊಟ್ಟಿ ಬುಟ್ಟಿ ಎಲ್ಲಿದೆ ಎಂಬ ಗುರುತು ಮಾತ್ರ. ಹಸಿವಾದಾಗ ಆರೂ ಜನ ಅದೇ ಒಂದು ಬುಟ್ಟಿಗೆ ಕೈ ಹಾಕಬೇಕು. ಅಷ್ಟರಲ್ಲಿ ಲೂಪು ಮುಗಿದು ಬುಟ್ಟಿಯಲ್ಲಿ ಕೊನೆಗೆ ಇಟ್ಟದ್ದೊಂದೇ ಉಳಿದಿರುತ್ತದೆ. ಕೊನೆಗೆ ಇಟ್ಟದ್ದು ಕೆರಿ ಓಣಿ. ಫೋನಿನ ಗುಂಡಿಗಳಿಗೆ ಈ ಲೂಪಿನ ಹಂಗಿರಲಿಲ್ಲ, ಹಾಗಾಗಿ ಅವು ಸರಿಯಿದ್ದವು. ನಮ್ಮ ಮೇಜಿನ ಮೇಲೆ ವಾಲ್ವ್ ಒಂದೇ ಇತ್ತು. ಒಂದೇ ಇದ್ದಾಗ ಮೊದಲನೆಯದೂ ಅದೇ, ಕೊನೆಯದೂ ಅದೇ.

“ಯಾ ಅಲ್ಲಾ, ‘ವಾರ್’ ಅಂತ ಬರದೇನಿ ಅಕ್ಕಾರ,” ಎಂದು ರೇಷ್ಮಾ ಹಣೆ ಹಿಡಿದುಕೊಂಡಳು. ಆ ಭಾಷೆಯಲ್ಲಿ ‘ವಾರ್’ ಎಂದು ಬರೆದರೆ ಹೆಸರು ಇಡೀ ಫಂಕ್ಷನ್ನಿಗೆಲ್ಲ ಒಂದೇ. ‘ಲೆಟ್’ ಎಂದು ಬರೆದರೆ ಸುತ್ತು ಸುತ್ತಿಗೂ ಹೊಸ ಬುಟ್ಟಿ.

ಅವಳು ತಿದ್ದಲು ಕೈ ಚಾಚಿದಳು. “ತಡಿ” ಎಂದೆ. ಈಗಲೇ ತಿದ್ದಿಬಿಟ್ಟರೆ ನೀರು ಸರಿಯಾಗುತ್ತದೆ, ಫಕ್ಕೀರಪ್ಪನ ಹೆಸರು ಸರಿಯಾಗುವುದಿಲ್ಲ. ಹೆದರಿ ಕಳವು ಬಿಟ್ಟ ಎನ್ನುತ್ತಾರೆ. ಊರು ತನ್ನ ಕಣ್ಣಿಂದ ನೋಡಬೇಕಿತ್ತು.

ಗೌಡರಿಗೆ ಹೇಳಿದೆ: “ತಪ್ಪು ನಮ್ಮ ಪ್ರೋಗ್ರಾಮಿನ್ಯಾಗ ಐತ್ರಿ. ಬಾಯಿ ಮಾತಿಲೆ ನಂಬಬ್ಯಾಡ್ರಿ, ತೋರಸ್ತೀನಿ. ಫಕ್ಕೀರಪ್ಪನ ಫೋನು ನಿಮ್ಮ ಕಿಸೆದಾಗ ಇಟಗೋರಿ. ಚಾವಿ ಮೇಜಿನ ಮ್ಯಾಲ ಇರ್ಲಿ. ನಾ ಯಾದಿಯೊಳಗ ಒಂದ ಬದಲು ಮಾಡ್ತೀನಿ. ಕೆರಿ ಓಣಿ ಇದ್ದಲ್ಲಿ ಗೌಡ್ರ ಓಣಿ, ಗೌಡ್ರ ಓಣಿ ಇದ್ದಲ್ಲಿ ಕೆರಿ ಓಣಿ. ಎಲ್ಲಾರೂ ತಂತಮ್ಮ ನಳದ ಮುಂದ ಹೋಗಿ ನಿಲ್ರಿ.”

ಪಾಳಿಗಳನ್ನು ನಿಮಿಷಗಳಿಗೆ ಇಳಿಸಿ ಗಡಿಯಾರಕ್ಕೆ ಕೊಟ್ಟೆವು. ಊರೆಲ್ಲ ನಳದ ಮುಂದೆ ನಿಂತಿತು. ಗೌಡರು, ಫಕ್ಕೀರಪ್ಪ, ನಾನು, ರೇಷ್ಮಾ ಕಟ್ಟೆಯ ಮೇಲೆ ಉಳಿದೆವು. 

ಮಠದ ಓಣಿಯ ಪಾಳಿ. “ಬಂತೇನ್ರೋ?” ಎಂದು ಗೌಡರು ಕೂಗಿದರು.

“ಇಲ್ರೀ!” ಎಂದಿತು ಮಠದ ಓಣಿ.

ಬಲಗಡೆಯಿಂದ ಗೌಡರ ಮನೆಯ ಆಳು ಓಡಿ ಬಂದ. “ಗೌಡ್ರ, ನಮ್ಮ ಓಣ್ಯಾಗ ಬಂತ್ರಿ!”

ಬಜಾರದ ಪಾಳಿ. ಬಜಾರ ಒಣಗಿತ್ತು, ಗೌಡರ ಓಣಿಯಲ್ಲಿ ನೀರು. ಮೂರನೆಯದು ಕೆರಿ ಓಣಿ. ಅಲ್ಲಿಯೂ ಹನಿಯಿಲ್ಲ, ಗೌಡರ ಓಣಿಯಲ್ಲಿ ನೀರು. ಕುಂಬಾರ ಓಣಿಯ ಪಾಳಿಗೆ ನಿಂಗವ್ವ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ತಿರುಗಿ ಬಂದಳು. ಗೌಡರ ಎದುರು ನಿಂತು ಅವರ ಕಿಸೆಯನ್ನು ನೋಡಿದಳು.

“ಗೌಡ್ರ, ಗುಂಡಿ ನೀವ ಒತ್ತಿದ್ರೇನ್ರಿ?”

ಗೌಡರೇ ಮೊದಲು ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಊರು ನಕ್ಕಿತು. ಈ ನಗು ನನಗೆ ಹಿಡಿಸಿತು. ಫಕ್ಕೀರಪ್ಪ ಮಾತ್ರ ನಗಲಿಲ್ಲ. ಕಟ್ಟೆಯ ಮೇಲೆ ಕುಸಿದು ಕೂತು ಟವೆಲ್ಲಿನಿಂದ ಮುಖ ಒರೆಸಿಕೊಂಡ, ಒರೆಸಿಕೊಳ್ಳುತ್ತಲೇ ಇದ್ದ.

ರೇಷ್ಮಾ ‘ವಾರ್’ ಅಳಿಸಿ ‘ಲೆಟ್’ ಎಂದು ಬರೆದಳು. ಒಂದು ಪದ. ಯಾದಿಯನ್ನು ಹಳೆಯ ಸಾಲಿಗೇ ತಿರುಗಿಸಲು ಹೊರಟಾಗ ಗೌಡರು ತಡೆದರು. ಮೇಜಿನ ಮೇಲಿದ್ದ ಚಾವಿಯನ್ನು ತಾವೇ ಎತ್ತಿ ತಂದು ಫಕ್ಕೀರಪ್ಪನ ಕೈಗೆ ಕೊಟ್ಟರು. “ತಪ್ಪಾತಪಾ. ಬಾಯಾರ, ಇನ್ನ ಮ್ಯಾಲ ಕೆರಿ ಓಣಿ ಮದ್ಲ ಹಾಕ್ರಿ. ಇದು ಊರಿನ ಮಾತು.”

“ಬ್ಯಾಡ್ರಿ ಗೌಡ್ರ,” ಎಂದ ಫಕ್ಕೀರಪ್ಪ. “ಎಲ್ಲಿತ್ತೋ ಅಲ್ಲೇ ಇರ್ಲಿ.”

ಹಾಗೆಯೇ ಇಟ್ಟೆವು. ಮಠದ ಓಣಿ ಕೂಗಿತು, ಬಜಾರ ಕೂಗಿತು. ಒಂದೊಂದು ಓಣಿ “ಬಂತ್ರೀ!” ಎಂದಾಗಲೂ ರೇಷ್ಮಾ ನನ್ನ ಕೈ ಅದುಮುತ್ತಿದ್ದಳು. ಕುಂಬಾರ ಓಣಿಯಿಂದ ನಿಂಗವ್ವನ ದನಿ ಎಲ್ಲರಿಗಿಂತ ಜೋರಾಗಿ ಬಂತು. ನಾನು ಜೋಶಿ ಸರ್‌ಗೆ ಫೋನು ಮಾಡಿ, ತಪ್ಪು ನಮ್ಮದೇ ಇತ್ತು, ಸರಿಯಾಯಿತು, ಊರಿಗೆಲ್ಲ ಹೇಳಿದ್ದೇನೆ ಎಂದೆ. “ಛಲೋ ಆತು ಬಿಡ್ರಿ” ಎಂದರು. ಪಾಪ, ಅವರೂ ಉಸಿರು ಬಿಗಿಹಿಡಿದೇ ಕೂತಿದ್ದರು.

ಕೊನೆಯ ಪಾಳಿಗೆ ನಾನು ಕೆರಿ ಓಣಿಗೆ ನಡೆದೆ. ಗಿರಿಜವ್ವ ನಳದ ಮುಂದೆ ಕೂತಿದ್ದಳು. ನಳ ಒಮ್ಮೆ ಕೆಮ್ಮಿ ನೀರು ಬಿಟ್ಟಿತು. ಅವಳು ಕಟ್ಟೆಯ ಮೇಲಿನ ತಾಮ್ರದ ಕೊಡವನ್ನು ಎತ್ತಿ ನೆಟ್ಟಗೆ ಮಾಡಿದಳು, ತೊಳೆದಳು, ತುಂಬಿದಳು. ಒಳಗಿನಿಂದ ಚರಿಗೆ ತಂದು, ಅದೇ ಕೊಡದಿಂದ ಬಗ್ಗಿಸಿ ನನ್ನ ಕೈಗೆ ಕೊಟ್ಟಳು.

“ಕುಡೀರಿ ಅಕ್ಕಾರ,” ಎಂದಳು. “ಇದು ನಮ್ಮ ಪಾಳಿ ನೀರು.”